ಚಾಮುಂಡೇಶ್ವರಿಯ ಹೆಸರಿನಲ್ಲಿ ಬರೆದ ಕ್ಷಮಾಪಣೆ

ಓಜಿಮಾ, ಜಪಾನ್
ಜೂನ್ ೧೪, ೨೦೨೫

ಪ್ರೀತಿಯ ಇಂದು ಅಕ್ಕಾ,

ನಿನ್ನ ಸುಪ್ರೀತಾಳ ನಮಸ್ಕಾರ. ನಗೋಯಾದಿಂದ ನೀನು ಕಳಿಸಿದ ಅರಬ್ಬೀ ಕಾದಂಬರಿಯ ಇಂಗ್ಲಿಷ್ ಅನುವಾದ ತಲುಪಿತು. ಅರ್ಧ ಓದಿ ಮುಚ್ಚಿಟ್ಟಿದ್ದೇನೆ. ಬೇಜಾರಾಗಿ ಅಲ್ಲ, ಮೈ ಉರಿದು.

ಅದರಲ್ಲಿ ಮನೆಗೆಲಸದ ಹೆಂಗಸೊಬ್ಬಳು ನಡೆದದ್ದನ್ನು ವಕೀಲನೊಬ್ಬನಿಗೆ ತನ್ನ ಬೀದಿಯ ಮಾತಿನಲ್ಲಿ ಹೇಳುತ್ತಾಳೆ. ವಕೀಲ ಅದನ್ನು ದೊಡ್ಡವರ ಗ್ರಾಂಥಿಕ ಅರಬ್ಬಿಯಲ್ಲಿ ಬರೆದು ಓದುತ್ತಾನೆ. ಅವಳು ಹೇಳಿದ್ದು ಅದರಲ್ಲಿ ಒಂದೂ ಇಲ್ಲ. ಆದರೂ ಹೆಬ್ಬೆಟ್ಟು ಒತ್ತುತ್ತಾಳೆ. ವಕೀಲನಿಗೆ ಮನಸಾರೆ ಬೈದೆ. ಬೈದ ಮೇಲೆ ನೆನಪಾಯಿತು, ಹೋದ ತಿಂಗಳು ನಾನು ಮಾಡಿದ್ದೂ ಅದೇ.

ನಮ್ಮ ಕಂಪನಿಯ ಕ್ಯಾಂಟೀನಿನಲ್ಲಿ ಚಾಮುಂಡೇಶ್ವರಿ ಅಂತ ಮಂಡ್ಯದವಳು ಅಡುಗೆ ಮಾಡುತ್ತಾಳೆ. ಜಪಾನಿ ಬಾರದ ಅವಳಿಗೂ ಆಫೀಸಿಗೂ ನಡುವೆ ದುಭಾಷಿ ನಾನೇ. ಹೋದ ತಿಂಗಳು ಒಂದು ದಿನ ಸ್ಟವ್ ವಾಲಿ, ಅವಳ ಜೊತೆ ಕೆಲಸ ಮಾಡುವ ಮೋರಿ ಸಾನ್ ಎಂಬವರ ಕಾಲ ಮೇಲೆ ಬಿಸಿ ಎಣ್ಣೆ ಚೆಲ್ಲಿತು. "ಸ್ಟವ್ ಕಾಲು ಅಲ್ಲಾಡ್ತೈತೆ ಅಂತ ಮೂರ್ ದಿನದಿಂದ ಬಡ್ಕೊಂಡೆ ಕಣಕ್ಕಾ, ಯಾರೂ ಕಿವಿಗೇ ಹಾಕ್ಕಳ್ಳಿಲ್ಲ. ಅದನ್ನೇ ಬರ್ಕೊಡು" ಎಂದು ಚಾಮುಂಡೇಶ್ವರಿ ಅತ್ತಳು.

ಇಲ್ಲಿ ಅವಘಡವಾದರೆ ಮೊದಲು ಕ್ಷಮಾಪಣೆ ಪತ್ರ ಕೊಡುವುದು ವಾಡಿಕೆ. ತಲೆ ಬಗ್ಗಿಸಿಬಿಟ್ಟರೆ ವಿಷಯ ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡು, ಸ್ಟವ್ ಮಾತನ್ನೇ ಎತ್ತದೆ, "ಎಲ್ಲಾ ನನ್ನ ಅಜಾಗರೂಕತೆಯಿಂದಲೇ ಆಯಿತು" ಎಂದು ಅವಳ ಹೆಸರಿನಲ್ಲಿ ಅತಿ ವಿನಯದ ಜಪಾನಿಯಲ್ಲಿ ಬರೆದೆ. "ಚೆನ್ನಾಗ್ ಬರ್ದಿದ್ದೀಯ ತಾನೆ?" ಎಂದು ಕೇಳಿ ಸಹಿ ಹಾಕಿದಳು. ಮ್ಯಾನೇಜರ್ ಒಗಾವಾ ಸಾನ್ ನನ್ನ ಭಾಷೆಯನ್ನು ಹೊಗಳಿದರು. ನಾನು ಹಿಗ್ಗಿದೆ ಅಕ್ಕಾ, ನಾಚಿಕೆಯಿಲ್ಲದೆ.

ಈಗ ಅದೇ ಕಾಗದ ತೋರಿಸಿ ತಿಂಗಳ ಕೊನೆಗೆ ಅವಳನ್ನು ಕೆಲಸದಿಂದ ಬಿಡಿಸುತ್ತಿದ್ದಾರೆ. ಕೆಲಸ ಹೋದರೆ ವೀಸಾ ಉಳಿಯುವುದೂ ಕಷ್ಟ.

ಇವತ್ತು ಬೆಳಿಗ್ಗೆ ಅವಳ ಮನೆಗೆ ಹೋಗಿ, ಆ ಕಾಗದದ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದೆ. ಉಗಿಯುತ್ತಾಳೆ ಎಂದುಕೊಂಡಿದ್ದೆ. "ಇದ್ರಲ್ಲಿ ನಾನ್ ಹೇಳಿದ್ದು ಎಲ್ಲೈತಕ್ಕಾ?" ಎಂದಷ್ಟೇ ಕೇಳಿ, ಉಪ್ಪಿಟ್ಟು ಬಡಿಸಿದಳು. ತಟ್ಟೆ ಪಕ್ಕಕ್ಕಿಟ್ಟೆ. ಅಲ್ಲೇ ಕೂತು, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಜಪಾನಿಯಲ್ಲಿ ಹೊಸದಾಗಿ ಬರೆದೆ. ಸೋಮವಾರ ಒಗಾವಾ ಸಾನ್ ಕೈಗೆ ಕೊಡುತ್ತೇನೆ. ನಮ್ಮ ಯಜಮಾನರಿಗೆ ಇನ್ನೂ ಹೇಳಿಲ್ಲ.

ನಿನ್ನ ತಂಗಿ,
ಸುಪ್ರೀತಾ

ತಾ.ಕ.: ಸ್ಟವ್ ವಿಷಯ ಆ ಮೂರೂ ದಿನ ಅವಳು ಹೇಳಿದ್ದು ನನಗೇ ಅಕ್ಕಾ. ಮೀಟಿಂಗುಗಳ ಗಡಿಬಿಡಿಯಲ್ಲಿ ನಾನು ಆಫೀಸಿಗೆ ತಿಳಿಸಲೇ ಇಲ್ಲ. ಹೊಸ ಕಾಗದಕ್ಕೆ ಅದನ್ನೂ ಸೇರಿಸಲು ಹೋದರೆ ಅವಳು ಕೈ ಹಿಡಿದುಕೊಂಡಳು: "ನಿನ್ ಹೆಸ್ರು ಬ್ಯಾಡ ಕಣಕ್ಕಾ, ನಿಂಗೂ ಕೆಲ್ಸ ಬೇಕಲ್ವಾ." ಅವಳ ಕಾಗದವನ್ನು ಅವಳಿಷ್ಟದಂತೆಯೇ ಬಿಟ್ಟೆ. ಮನೆಗೆ ಬಂದು ನನ್ನ ತಪ್ಪನ್ನು ಬೇರೆ ಹಾಳೆಯಲ್ಲಿ ನನ್ನ ಹೆಸರಿನಲ್ಲೇ ಬರೆದು ಸಹಿ ಹಾಕಿದ್ದೇನೆ.