ಪೈಪು ಮೇಜಿನ ಮೇಲಿಟ್ಟು ಹೇಳಿದ ಮಾತು

ಮಾನ್ಯರೇ,

ತಾವು ನನ್ನ ಬಾಯಿಂದ ಸುಳ್ಳು ಹೇಳಿಸಿದ್ದೀರಿ. ದೂರು ಇಷ್ಟೇ. ಅಮೆರಿಕದ ವಿದೇಶ ವ್ಯವಹಾರವನ್ನೆಲ್ಲ ಹೊತ್ತು ರಾಜಧಾನಿಯಲ್ಲಿ ಕುಳಿತಿರುವ ತಮಗೆ ನೆಬ್ರಾಸ್ಕಾದ ಒಬ್ಬ ಮೆಕ್ಕೆಜೋಳ ಬೆಳೆಯುವವನ ಬಾಯಿ ಯಾವ ಲೆಕ್ಕ? ಆದರೂ ಒಂದು ವಿಷಯ ಮೊದಲೇ ತಿಳಿಸಿಬಿಡುತ್ತೇನೆ. ಸುಳ್ಳು ಹೇಳಲು ನನಗೆಂದೂ ಸರ್ಕಾರದ ನೆರವು ಬೇಕಾಗಿರಲಿಲ್ಲ. ಆಗಸ್ಟ್ ತಿಂಗಳ ನಮ್ಮೂರ ಕೂಟದಲ್ಲಿ ಬುರುಡೆ ಸ್ಪರ್ಧೆ ನಡೆಯುತ್ತದೆ. ಗಾಡಿಯ ಮೇಲೆ ನಿಂತು ಅತಿ ದೊಡ್ಡ ಬುರುಡೆ ಬಿಟ್ಟವನಿಗೆ ಹೊಗೆಯಲ್ಲಿ ಹದ ಮಾಡಿದ ಹಂದಿತೊಡೆ ಬಹುಮಾನ. ಒಂದೇ ಕೋಣೆಯ ಶಾಲೆಯಲ್ಲಿ ಕಲಿತ ನಾನು ಕಾಲೇಜು ಮೆಟ್ಟಿಲು ಹತ್ತಿದ ವಕೀಲರನ್ನೂ ಅಲ್ಲಿ ಮಣ್ಣುಮುಕ್ಕಿಸಿದ್ದೇನೆ.

ನನ್ನ ಬುರುಡೆಗಳು ಯಾರ ಮನೆಯನ್ನೂ ಮುರಿದಿಲ್ಲ. ತಮ್ಮ ಬುರುಡೆಗೂ ನನ್ನದಕ್ಕೂ ಇರುವ ವ್ಯತ್ಯಾಸ ಅದೇ.

ಯುದ್ಧದ ಕಾಲದಲ್ಲಿ ನಮ್ಮ ಹುಡುಗರೆಲ್ಲ ಸಮುದ್ರದಾಚೆ ಹೋದಾಗ, ಸೆರೆಸಿಕ್ಕ ಜರ್ಮನರನ್ನು ನಮ್ಮ ಹೊಲಗಳಿಗೆ ಕಳಿಸಿದವರು ತಾವೇ. ನನ್ನ ಪಾಲಿಗೆ ಬಂದವನು ಒಟ್ಮಾರ್. ಬಡಗಿ. ಹೆಂಡತಿಯೂ ಪುಟ್ಟ ಮಗಳೂ ಊರಲ್ಲಿ. ಶತ್ರುವನ್ನು ಮನೆಯೊಳಗೆ ಕೂರಿಸಿ ಉಣಿಸಬಾರದು ಎಂಬ ನಿಯಮ ನನಗೆ ಗೊತ್ತಿತ್ತು. ನನ್ನ ಹೆಂಡತಿ ಹಿಲ್ಮಾ ತೀರಿಹೋದ ಮೇಲೆ ಆ ಮೇಜಿಗೆ ನಾನೊಬ್ಬನೇ. ನಿಯಮ ಮಾಡಿದವರು ಯಾರೂ ಬಂದು ಎದುರಿಗೆ ಕುಳಿತು ಉಣ್ಣಲಿಲ್ಲವಲ್ಲ? ಹಾಗಾಗಿ ಒಟ್ಮಾರನನ್ನು ಕೂರಿಸಿದೆ. ಕಾವಲಿನ ಸಿಪಾಯಿ ಕೇಳಿದ್ದು ಒಂದೇ ಪ್ರಶ್ನೆ: "ಇನ್ನೊಂದ್ ತುಂಡು ಕೋಳಿ ಇದ್ಯಾ?"

ಒಂದು ದಿನ ಒಟ್ಮಾರನಿಗೆ ನನ್ನ ಹುಂಜದ ಕಥೆ ಹೇಳಿದೆ. ಒಂದು ವರ್ಷ ಜೋಳ ಎಷ್ಟು ಎತ್ತರ ಬೆಳೆಯಿತೆಂದರೆ ಹುಂಜ ದಂಟು ಹತ್ತಿ ಎಲ್ಲರಿಗಿಂತ ಮೊದಲೇ ಸೂರ್ಯನನ್ನು ಕಂಡು ಕೂಗತೊಡಗಿತು, ಆ ಬೇಸಿಗೆ ಊರಿಗೆ ಊರೇ ನಿದ್ದೆಗೆಟ್ಟಿತು. ಅರ್ಧಂಬರ್ಧ ಭಾಷೆ ಬರುತ್ತಿದ್ದ ಆ ಪುಣ್ಯಾತ್ಮ ಅದನ್ನು ನಂಬಿ ಹುಂಜಕ್ಕೆ ಗೌರವದಿಂದ ಕಾಳು ಹಾಕುತ್ತಿದ್ದ. ನನ್ನ ತಂಗಿಯ ಮಗಳು ಡೆಲ್ಫಾ ನಕ್ಕು ನಕ್ಕು ಸಾಕಾಗಿ ಕೊನೆಗೆ ನಿಜ ಹೇಳಿದಳು. ಅವನಿಗೆ ಬೇಜಾರಾಯಿತು.

"ಮಾಮ, ನಂಗೆ ನಿಮ್ ಭಾಷೆ ಪೂರ್ತಿ ಬರಲ್ಲ. ಯಾವ್ದು ಕಥೆ, ಯಾವ್ದು ನಿಜ, ಹೆಂಗ್ ಗೊತ್ತಾಗ್ಬೇಕು?"

"ಪೈಪು ನೋಡ್ಕೋ ಮಾರಾಯ," ಎಂದೆ, ಸೇದುತ್ತಿದ್ದ ತಂಬಾಕಿನ ಪೈಪು ತೋರಿಸಿ. "ಬಾಯಲ್ಲಿದ್ರೆ ಕಥೆ. ಮೇಜಿನ ಮೇಲಿಟ್ಟೆ ಅಂದ್ರೆ ನಿಜ."

"ಹಂಗಾದ್ರೆ ಪೈಪು ವರ್ಷಕ್ಕೊಂದ್ಸಲ ಕೆಳಗಿಳಿಯತ್ತೆ ಬಿಡು," ಎಂದಳು ಡೆಲ್ಫಾ.

ಎರಡು ಸುಗ್ಗಿ ಹಾಗೇ ಕಳೆದವು. ಮಾನ್ಯರೇ, ಬುರುಡೆ ಬಿಡುವವನಿಗೆ ಕೇಳುವವನೊಬ್ಬ ಬೇಕು. ಅದು ತಮಗೆ ತಿಳಿಯದು. ತಮ್ಮ ಮಾತು ಕೇಳಲು ಇಡೀ ದೇಶವಿದೆ.

ಯುದ್ಧ ಮುಗಿಯಿತು. ತಮ್ಮ ಅಧಿಕಾರಿಗಳು ಬಂದು, ಇವರನ್ನೆಲ್ಲ ಹಡಗು ಹತ್ತಿಸಿ ಮನೆಗೆ ಕಳಿಸುತ್ತೇವೆ ಎಂದು ಸಾರಿದರು. ಒಟ್ಮಾರನಿಗೆ ನಂಬಿಕೆ ಬರಲಿಲ್ಲ. ಹೆಂಡತಿಗೆ ಬರೆಯಲೋ ಬೇಡವೋ ಎಂದು ಒದ್ದಾಡುತ್ತಿದ್ದ. ಸುಮ್ಮನೆ ಆಸೆ ಹುಟ್ಟಿಸುವವನಲ್ಲ ಅವನು. ಆಗ ನಾನು ಪೈಪನ್ನು ಬಾಯಿಂದ ತೆಗೆದು ಅವನ ತಟ್ಟೆಯ ಪಕ್ಕದಲ್ಲಿಟ್ಟೆ.

"ಬರಿಯೋ. ನಮ್ ಸರ್ಕಾರ ಹೇಳಿದ್ರೆ ಹೇಳಿದ್ ಹಾಗೆ. ನೀನು ಮನೆಗೆ ಹೋಗ್ತೀಯ."

ಅವನು ಪೈಪು ನೋಡಿದ. ಹೆಂಡತಿಗೆ ಬರೆದ.

ಈ ಜುಲೈನಲ್ಲಿ ನಮ್ಮ ಪಾದ್ರಿ ಸಂಡೀನ್ ಯುರೋಪಿನಲ್ಲಿ ಪರಿಹಾರದ ಕೆಲಸ ಮುಗಿಸಿ ಬಂದವರು ನೇರ ನನ್ನ ಜಗಲಿಗೆ ಬಂದರು. "ಆರ್ವಿಡ್, ನಿಮ್ ಒಟ್ಮಾರನ್ನ ನೋಡಿದೆ," ಎಂದರು.

"ಮಗಳು ಗುರುತು ಹಿಡಿದ್ಲಂತಾ?"

"ಅವನು ಮನೇಲಿಲ್ಲ ಕಣ್ರೀ. ಫ್ರಾನ್ಸಲ್ಲಿ ಕಲ್ಲಿದ್ದಲು ಗಣೀಲಿದ್ದಾನೆ. ಹಡಗು ಇಳಿದ ಕೂಡ್ಲೇ ನಮ್ಮವರು ಆ ಸರ್ಕಾರಕ್ಕೆ ಕೆಲಸಕ್ಕೆ ಅಂತ ಕೊಟ್ಬಿಟ್ರಂತೆ. ಅವನ ಹೆಂಡ್ತಿ, ಮಗಳನ್ನ ಕರ್ಕೊಂಡು ಈಗ್ಲೂ ರೈಲ್ವೆ ಸ್ಟೇಷನ್ನಿಗೆ ಹೋಗಿ ಬರ್ತಾಳಂತೆ."

"ನನ್ನ ಬೈದ್ನಾ?"

"ಇಲ್ಲ. ಒಂದೇ ಮಾತು ಕೇಳಿದ. ಅವತ್ತು ಮಾಮನ ಪೈಪು ನಿಜವಾಗ್ಲೂ ಮೇಜಿನ ಮೇಲಿತ್ತಾ, ಇಲ್ಲಾ ನಂಗೇ ಹಾಗೆ ಕಾಣಿಸ್ತಾ, ಕೇಳ್ಕೊಂಡ್ ಬನ್ನಿ ಅಂದ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಹುಡುಗ ನನ್ನನ್ನು ಸುಳ್ಳುಗಾರ ಎನ್ನಲಾರದೆ ತನ್ನ ಕಣ್ಣನ್ನೇ ಅನುಮಾನಿಸುತ್ತಿದ್ದಾನೆ.

ಮಿತ್ರರಾಷ್ಟ್ರದ ಗಣಿಗಳಿಗೆ ಆಳು ಬೇಕಿತ್ತು ಎನ್ನುತ್ತೀರಿ. ಬೇಕಿದ್ದೀತು. ನಾನು ಪಕ್ಕದ ಹೊಲದವನಿಗೆ ಕುದುರೆ ಎರವಲು ಕೊಡುವಾಗಲೂ ಅದನ್ನು ಕೊಟ್ಟಿಗೆಯ ದಾರಿ ಎಂದು ನಂಬಿಸಿ ಕರೆದೊಯ್ಯುವುದಿಲ್ಲ. ಮನುಷ್ಯನಿಗೆ ಅಷ್ಟು ಮರ್ಯಾದೆಯೂ ಬೇಡವೇ? ಲೋಕಕ್ಕೆಲ್ಲ ನ್ಯಾಯ ಹಂಚಲು ಹೊರಟ ದೇಶ ಒಬ್ಬ ಬಡಗಿಗೆ ಕೊಟ್ಟ ಮಾತನ್ನು ಅರ್ಧ ದಾರಿಯಲ್ಲಿ ಇಳಿಸಿ ಹೋಗಬಹುದೇ?

ಆಗಸ್ಟ್ ಬಂತು. ಗಾಡಿ ಹತ್ತಿದೆ. ಪೈಪು ತಂದಿರಲಿಲ್ಲ. ಹುಂಜವಿಲ್ಲ, ಜೋಳವಿಲ್ಲ, ತಾವು ಮಾಡಿದ್ದನ್ನು ಮಾಡಿದಂತೆಯೇ ಹೇಳಿದೆ. ಜನ ತೊಡೆ ತಟ್ಟಿಕೊಂಡು ನಕ್ಕರು. "ಮಾಮ, ಮನೆಗಂತ ಹತ್ಸಿ ಗಣಿಗಿಳಿಸಿದ್ರಾ? ಇದನ್ನ ಮೀರ್ಸೋ ಬುರುಡೆ ಇನ್ನು ಹುಟ್ಬೇಕಷ್ಟೆ!" ಎಂದು ಹಂದಿತೊಡೆಯನ್ನು ನನ್ನ ಕೈಗಿಟ್ಟರು. ಅಷ್ಟು ಜನರಲ್ಲಿ ನಗದೆ ನಿಂತವಳು ಡೆಲ್ಫಾ ಒಬ್ಬಳೇ. ಅವಳು ನನ್ನನ್ನು ಮನೆಗೆ ಬಿಟ್ಟು ತನ್ನ ಮನೆಗೆ ಹೋದಳು. ನಾನು ಒಳಗೆ ಬಂದು ಎರಡು ತಟ್ಟೆ ಇಟ್ಟೆ, ಅಭ್ಯಾಸಬಲ. ಆಮೇಲೆ ಒಂದನ್ನು ಎತ್ತಿಟ್ಟೆ.

ಮಾನ್ಯರೇ, ಒಟ್ಮಾರನನ್ನು ಅವನ ಮನೆಗೆ ತಲುಪಿಸಿ. ಅದಕ್ಕೆ ತಡವಾಗುವುದಾದರೆ, ಮಾತುಕತೆಗಳೆಲ್ಲ ಮುಗಿಯಬೇಕು ಎನ್ನುವುದಾದರೆ, ಅಲ್ಲಿಯವರೆಗೆ ತಮ್ಮ ಕೈಯಾರೆ ಅವನಿಗೆ ಎರಡು ಸಾಲು ಬರೆಯಿರಿ: ಪೈಪು ಮೇಜಿನ ಮೇಲೆಯೇ ಇತ್ತು, ಸುಳ್ಳು ನಮ್ಮದು. ಇಷ್ಟು ಬರೆಯಲು ಯಾವ ಮಿತ್ರರಾಷ್ಟ್ರದ ಒಪ್ಪಿಗೆಯೂ ಬೇಕಿಲ್ಲ. ನಾನು ಬರೆದರೆ ಅವನು ನಂಬುವುದು ಹೇಗೆ? ಕಾಗದದಲ್ಲಿ ನನ್ನ ಪೈಪು ಅವನಿಗೆ ಕಾಣಿಸುವುದಿಲ್ಲವಲ್ಲ.

ಹಂದಿತೊಡೆ ಅಡುಗೆಮನೆಯಲ್ಲಿ ತೂಗುತ್ತಿದೆ. ಕೊಯ್ದಿಲ್ಲ. ನ್ಯಾಯವಾಗಿ ಅದು ತಮಗೆ ಸೇರಬೇಕಾದದ್ದು, ಬಂದು ಒಯ್ಯಿರಿ. ಬಂದರೆ ಎದುರಿನ ಕುರ್ಚಿ ಖಾಲಿಯಿದೆ. ಪೈಪು ಮೇಜಿನ ಮೇಲಿದೆ, ಜುಲೈನಿಂದ ಹೊತ್ತಿಸಿಲ್ಲ.

ಇಂತಿ,
ತಮ್ಮೆದುರು ಸೋತು ಎರಡನೆಯವನಾದ ಸುಳ್ಳುಗಾರ,
ಆರ್ವಿಡ್ ಲಿಂಡ್‌ಕ್ವಿಸ್ಟ್
ಸೆಪ್ಟೆಂಬರ್ ೧೯೪೬