ಇಲ್ಲದ ಕೋಣೆಯ ಮೇಲೆ ಸುರಿಯುವ ಮಳೆ

ಮಳೆನೀರು ಸಂಗ್ರಹ ವಿಭಾಗದ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿ ನಮ್ಮ ಮನೆಯ ಸೂರಿನಂಚಿಗೆ ಕಟ್ಟಿಸಿದ, ಮಳೆನೀರು ಹಿಡಿದು ಪೈಪಿಗೆ ಇಳಿಸುವ ದೋಣಿ ಇಪ್ಪತ್ತನಾಲ್ಕು ಅಡಿ ಉದ್ದವಿದೆ. ನಮ್ಮ ಸೂರು ನಲವತ್ತೆರಡು ಅಡಿ ಉದ್ದವಿದೆ. ದೋಣಿಯಿಲ್ಲದ ಹದಿನೆಂಟು ಅಡಿಯ ನೀರೆಲ್ಲ ಒಂದು ಗೋಡೆಯ ಬುಡಕ್ಕೆ ಬೀಳುತ್ತದೆ. ಆ ಗೋಡೆಯ ಒಳಮಗ್ಗುಲಲ್ಲಿ ನನ್ನ ಗಂಡ ಮಲಗಿದ್ದಾರೆ. ಅವರು ತಾವಾಗಿ ಏಳಲಾರರು. ಗೋಡೆ ಬಿರಿದಿದೆ, ಬಿರುಕಿನಲ್ಲಿ ನನ್ನ ಕಿರುಬೆರಳು ಹೋಗುತ್ತದೆ. ಮಳೆಗಾಲಕ್ಕೆ ಇನ್ನು ಮೂರು ವಾರವಿದೆ. ಇದಿಷ್ಟೇ ನನ್ನ ದೂರು. ಇಲ್ಲಿಗೇ ಓದು ನಿಲ್ಲಿಸಿ ಒಬ್ಬ ಕೆಲಸಗಾರನನ್ನು ಕಳಿಸಿಕೊಟ್ಟರೆ ಮುಂದಿನದನ್ನು ಓದುವ ಶ್ರಮ ನಿಮಗಿಲ್ಲ. ಆದರೆ ಒಂಬತ್ತು ತಿಂಗಳಲ್ಲಿ ನಾನು ಕೊಟ್ಟ ಏಳು ಅರ್ಜಿಗಳ ಗತಿ ನೋಡಿದ ಮೇಲೆ, ಪೂರ್ತಿ ಬರೆದು ಪತ್ರಿಕೆಗೇ ಕೊಡುವುದು ಮೇಲೆಂದು ತೋರಿತು. ನೀವು ಓದದಿದ್ದರೂ ನಿಮ್ಮ ಪಕ್ಕದ ಮನೆಯವರಾದರೂ ಓದುತ್ತಾರೆ.

ನಾನು ಹೈಸ್ಕೂಲು ಮುಗಿಸಿದವಳು. ನನ್ನ ಅಕ್ಷರ ಚೆನ್ನಾಗಿದೆ. ಮನೆಯ ಎಲ್ಲ ಕಾಗದಗಳನ್ನೂ ನಲವತ್ತು ವರ್ಷದಿಂದ ನಾನೇ ಬರೆದಿದ್ದೇನೆ. ಯಾರ ಮುಂದೆಯೂ ಕೈಯೊಡ್ಡಿದವಳಲ್ಲ, ಇಂದೂ ಒಡ್ಡುತ್ತಿಲ್ಲ. ನಮ್ಮದನ್ನು ನಮಗೆ ಕೊಡಿ ಎನ್ನುತ್ತಿದ್ದೇನೆ.

ನಮ್ಮದು ಎಂದರೆ ಏನು ಎಂಬುದನ್ನು ಹೇಳಬೇಕು. ನಮ್ಮ ಯಜಮಾನರು ತಗಡಿನ ಕೆಲಸದವರು. ನಮ್ಮ ಬೀದಿಯ ಹದಿನಾರು ಮನೆಗಳಿಗೆ ನೀರಿನ ದೋಣಿ ಕಟ್ಟಿದವರು ಅವರು. ನಿಮ್ಮ ವಿಭಾಗ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಈ ಬೀದಿಯ ಜನ ಮಳೆನೀರು ಹಿಡಿದು ತೊಟ್ಟಿ ತುಂಬಿಕೊಳ್ಳುತ್ತಿದ್ದರು, ಅದಕ್ಕೆ ಯಾವ ಫಲಕವನ್ನೂ ಹಾಕಿಕೊಂಡಿರಲಿಲ್ಲ. ಅವರ ಲೆಕ್ಕ ಸರಳ. ನೂರು ಚದರಡಿ ಸೂರಿಗೆ ಇಳಿಪೈಪಿನ ಬಾಯಿ ಒಂದು ಚದರ ಇಂಚಾದರೂ ಇರಬೇಕು, ಎಲೆ ಕಸ ಬರುವ ಕಡೆ ಇನ್ನೂ ಧಾರಾಳವಾಗಿರಬೇಕು. ಹತ್ತಡಿ ದೋಣಿಗೆ ಒಂದು ಇಂಚು ಇಳಿಜಾರು. ದೋಣಿ ತೀರ ಉದ್ದವಾದರೆ ನಡುವೆ ಎತ್ತರಿಸಿ ಎರಡೂ ಕಡೆಗೆ ಇಳಿಸಿ, ಎರಡು ಮೂಲೆಗೆ ಎರಡು ಪೈಪು. ಇದನ್ನೆಲ್ಲ ಅವರು ಬರೆದಿಟ್ಟವರಲ್ಲ. ದೋಣಿ ಕೂರಿಸಿದ ಮೇಲೆ ಎತ್ತರದ ತುದಿಯಲ್ಲಿ ಒಂದು ಚೊಂಬು ನೀರು ಸುರಿದು, ಅದರ ಮೇಲೊಂದು ಉರಿದ ಬೆಂಕಿಕಡ್ಡಿ ಬಿಡುತ್ತಿದ್ದರು. ಕಡ್ಡಿ ಎಲ್ಲೂ ನಿಲ್ಲದೆ ಹೋಗಿ ಪೈಪಿನ ಬಾಯಿಗೆ ಬೀಳಬೇಕು. ಎಲ್ಲಾದರೂ ನಿಂತರೆ ಆ ಜಾಗಕ್ಕೆ ಸೀಮೆಸುಣ್ಣದ ಗೆರೆ, ಕೊಕ್ಕೆ ಬಿಚ್ಚಿ ಮತ್ತೆ ಮೊದಲಿನಿಂದ. ಒಂದು ಮನೆಯಲ್ಲಿ ಕಡ್ಡಿ ಹನ್ನೊಂದು ಸಲ ನಿಂತಿತ್ತಂತೆ. ಮನೆಯಾಕೆ ಬೇಸತ್ತು, "ಸಾಕು ಬಿಡಿ, ಕಡ್ಡಿ ಏನು ಅಳಿಯನಾ, ಅದನ್ನ ಬಾಗಿಲವರೆಗೂ ಕಳಿಸಿಕೊಡೋಕೆ?" ಎಂದರೆ ಇವರು ಏಣಿಯ ಮೇಲಿಂದಲೇ, "ಅಳಿಯ ನಿಂತರೆ ಒಂದು ಹೊತ್ತಿನ ಊಟ ತಾಯಿ, ನೀರು ನಿಂತರೆ ಗೋಡೇನೇ ಊಟ" ಎಂದಿದ್ದರಂತೆ.

ಏಳು ವರ್ಷದ ಹಿಂದೆ ಇವರು ಯಾರದೋ ಮನೆಯ ಸೂರಿನ ಮೇಲಿಂದ ಬಿದ್ದರು. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಸ್ಪತ್ರೆಯವರು ಹೇಳಿದ ಗಾಳಿಹಾಸಿಗೆಯ ಮಂಚ ಮೂರಡಿ ಅಗಲ. ನಮ್ಮ ಹಳೆಯ ಮನೆಯ ಬಾಗಿಲುಗಳು ಎರಡೂವರೆ ಅಡಿ. ಹಾಗಾಗಿ ಮನೆಯ ಹಿಂದೆ, ಬಚ್ಚಲಿಗೆ ಹತ್ತಿಕೊಂಡಂತೆ, ಅಗಲ ಬಾಗಿಲಿನ ಒಂದು ಕೋಣೆ ಕಟ್ಟಿಸಿ ಅಲ್ಲಿಯೇ ಮಂಚ ಹಾಕಿದೆವು. ಸೂರನ್ನು ಹದಿನೆಂಟು ಅಡಿ ಮುಂದುವರಿಸಿದೆವು. ಹಾಸಿಗೆಯಲ್ಲಿ ಮಲಗಿಯೇ ಇವರು ಹೇಳಿಕೊಟ್ಟಂತೆ ಇವರ ಹಳೆಯ ಕೆಲಸಗಾರ ಪೂರ್ತಿ ನಲವತ್ತೆರಡು ಅಡಿಗೆ ಆರಿಂಚಿನ ದೋಣಿ ಕಟ್ಟಿದ. ಮುಂದೊಂದು, ಹಿಂದೊಂದು, ಮೂರು ಮೂರು ಇಂಚಿನ ಪೈಪು. ಆರು ಮಳೆಗಾಲ ಒಂದು ಹನಿ ಗೋಡೆಗೆ ತಾಗಲಿಲ್ಲ.

ಆಮೇಲೆ ನಿಮ್ಮ ಆದೇಶ ಬಂತು. ಪ್ರತಿ ಮನೆಗೂ ಕಚೇರಿಯಿಂದಲೇ ಪ್ರಮಾಣೀಕೃತ ದೋಣಿ, ಉಚಿತವಾಗಿ. ಕಳೆದ ವರ್ಷ ಬೇಸಿಗೆಯಲ್ಲಿ ನಿಮ್ಮ ಪರಿವೀಕ್ಷಕರು ಬಂದರು. ನಮ್ಮ ಬೀದಿಯಲ್ಲಿ ಅವರಿಗೆ ಫೋಟೋ ಸಾಹೇಬರು ಎಂದು ಹೆಸರು. ಎಲ್ಲವನ್ನೂ ರಸ್ತೆಯಲ್ಲೇ ನಿಂತು ಫೋಟೋ ಹಿಡಿಯುತ್ತಾರೆ, ಹೊಸ್ತಿಲು ದಾಟುವುದಿಲ್ಲ. ಬಾಗಿಲಲ್ಲೇ ನನ್ನ ಕೈಗೆ ನಮೂನೆ ಕೊಟ್ಟು, "ಸೂರಿನ ವಿಸ್ತೀರ್ಣ ಬರೀರಿ ಅಮ್ಮ. ತೆರಿಗೆ ಕಾಗದದಲ್ಲಿ ಏನಿದೆಯೋ ಅದೇ ಬರೆದರೆ ನಿಮಗೂ ಸುಲಭ, ನಮಗೂ ಸುಲಭ" ಎಂದರು.

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕಾಗಿದೆ. ಏಳು ಅರ್ಜಿಗಳಲ್ಲಿ ಒಂದರಲ್ಲೂ ಇದನ್ನು ಬರೆದಿರಲಿಲ್ಲ.

ಹಿಂದಿನ ಕೋಣೆಗೆ ನಾವು ಅನುಮತಿ ಪಡೆದಿಲ್ಲ. ಅನುಮತಿಗೆ ಎಂಟು ತಿಂಗಳು ಎಂದಿದ್ದರು, ಆಸ್ಪತ್ರೆಯವರು ಎಂಟು ದಿನದಲ್ಲಿ ಕರೆದುಕೊಂಡು ಹೋಗಿ ಎಂದಿದ್ದರು. ಕಟ್ಟಿಬಿಟ್ಟೆವು. ತೆರಿಗೆ ಕಾಗದದಲ್ಲಿ ನಮ್ಮ ಮನೆ ಇಂದಿಗೂ ಇಪ್ಪತ್ತನಾಲ್ಕು ಅಡಿ ಉದ್ದ, ಹದಿನೈದು ಅಡಿ ಅಗಲ, ಮುನ್ನೂರ ಅರವತ್ತು ಚದರಡಿ. ನಮೂನೆ ಕೈಯಲ್ಲಿ ಹಿಡಿದು ನಾನು ಯೋಚಿಸುತ್ತಿದ್ದೆ. ನಿಜ ಬರೆದರೆ ನಾಳೆ ಕೋಣೆ ಕೆಡವಲು ಬರುತ್ತಾರೆ. ಅಷ್ಟರಲ್ಲಿ ಒಳಗಿನಿಂದ ಯಜಮಾನರ ದನಿ ಬಂತು.

"ಆರ್ನೂರ ಮೂವತ್ತು ಕಣೇ. ನಲವತ್ತೆರಡು ಹದಿನೈದ್ಲಿ. ಸರಿಯಾಗಿ ಬರಿ."

ಫೋಟೋ ಸಾಹೇಬರು ಕತ್ತೆತ್ತಿ, "ಒಳಗೆ ಯಾರು?" ಎಂದರು.

"ಯಾರೂ ಇಲ್ಲ, ರೇಡಿಯೋ" ಎಂದೆ.

ನಲವತ್ತು ವರ್ಷ ಸಂಸಾರ ಮಾಡಿದ ಗಂಡನನ್ನು ಇಲ್ಲ ಎಂದೆ. ನನ್ನ ಚೆಂದದ ಅಕ್ಷರದಲ್ಲಿ ಮುನ್ನೂರ ಅರವತ್ತು ಎಂದು ಬರೆದು ಸಹಿ ಹಾಕಿದೆ. ಸಾಹೇಬರು ಹೋದ ಮೇಲೆ ಕಾಫಿ ತೆಗೆದುಕೊಂಡು ಹೋದರೆ, "ರೇಡಿಯೋಗೂ ಕಾಫಿ ಕೊಡ್ತಾರಾ?" ಎಂದರು. ನಕ್ಕರು. ನನಗೆ ನಗಲಾಗಲಿಲ್ಲ.

ಹತ್ತು ದಿನ ಬಿಟ್ಟು ನಿಮ್ಮ ಗುತ್ತಿಗೆದಾರನ ಜನ ಬಂದರು. ಮೊದಲು ಮಾಡಿದ ಕೆಲಸವೆಂದರೆ ಯಜಮಾನರ ದೋಣಿಯನ್ನು ಪೂರ್ತಿ ನಲವತ್ತೆರಡು ಅಡಿಯೂ ಕಿತ್ತು ಲಾರಿಗೆ ಎಸೆದದ್ದು. ಪ್ರಮಾಣೀಕೃತವಲ್ಲವಂತೆ. ನಂತರ ರಸ್ತೆಯ ಮೂಲೆಯಿಂದ ನಾಲ್ಕಿಂಚಿನ ಹೊಸ ದೋಣಿ ಹೊಡೆಯುತ್ತಾ ಬಂದು, ಇಪ್ಪತ್ತನಾಲ್ಕನೇ ಅಡಿಗೆ ಮುಚ್ಚಳ ಬಡಿದು ಏಣಿ ಇಳಿದುಬಿಟ್ಟರು. ನಮ್ಮ ಜೊತೆಗೇ ಇರುವ ಸೊಸೆ ಓಡಿಬಂದು ಕೇಳಿದಳು.

"ಮೇಸ್ತ್ರಿ, ಸೂರು ಇನ್ನೂ ಅಲ್ಲಿವರೆಗೂ ಇದೆಯಲ್ಲ, ಕಾಣಲ್ವಾ?"

"ಕಾಣುತ್ತಮ್ಮ. ನಂಗೆ ಕಾಣೋದಕ್ಕೂ ಬರೆದಿರೋದಕ್ಕೂ ಏನು ಸಂಬಂಧ? ಇಪ್ಪತ್ತನಾಲ್ಕು ಅಂತ ಕೊಟ್ಟಿದಾರೆ, ಇಪ್ಪತ್ತನಾಲ್ಕು ಹಾಕಿದೀನಿ."

"ಹಿಂದೆ ಒಂದು ಪೈಪಾದ್ರೂ ಬಿಡಿ."

"ನಾನೂರು ಚದರಡಿವರೆಗೂ ಒಂದೇ ಪೈಪು. ಅದೂ ರಸ್ತೆ ಕಡೆಗೇ. ಹಿಂದಿನ ಪೈಪು ಫೋಟೋಕ್ಕೆ ಬರಲ್ಲಮ್ಮ."

ಮುಖ್ಯಾಧಿಕಾರಿಗಳೇ, ನಾನು ನ್ಯಾಯವಾಗಿಯೇ ಮಾತಾಡುತ್ತೇನೆ. ಮುನ್ನೂರ ಅರವತ್ತು ಚದರಡಿಗೆ ನೀವು ಕೊಟ್ಟ ಎರಡೂವರೆ ಇಂಚಿನ ಪೈಪು ಸಾಕು. ಯಜಮಾನರೇ ಲೆಕ್ಕ ಹಾಕಿ ನೋಡಿ, "ಕಾಗದದ ಮನೆಗೆ ಸರಿಯಾಗಿದೆ" ಎಂದರು. ಸುಳ್ಳಿನ ಅಳತೆ ಕೊಟ್ಟವಳು ನಾನು. ಆದರೆ ಏಣಿ ಹತ್ತಿದ ನಾಲ್ಕು ಜನಕ್ಕೆ ಎಂಟು ಕಣ್ಣುಗಳಿದ್ದವಲ್ಲ? ನೀರಿನ ದೋಣಿ ಎಂಬುದು ಸೂರು ಎಲ್ಲಿ ಮುಗಿಯುತ್ತದೋ ಅಲ್ಲಿ ಮುಗಿಯಬೇಕೋ, ಕಾಗದ ಎಲ್ಲಿ ಮುಗಿಯುತ್ತದೋ ಅಲ್ಲಿ ಮುಗಿಯಬೇಕೋ? ಮಳೆ ಬರುವಾಗ ಮೋಡಗಳು ನಿಮ್ಮ ಕಚೇರಿಗೆ ಬಂದು ತೆರಿಗೆ ಪುಸ್ತಕ ನೋಡಿಕೊಂಡು ಬರುತ್ತವೆಯೇ? ಇಳಿಜಾರಿನ ಮಾತಂತೂ ಕೇಳಲೇಬೇಡಿ. ಫೋಟೋದಲ್ಲಿ ಓರೆ ಕಾಣಬಾರದೆಂದು ದೋಣಿಯನ್ನು ಗೆರೆ ಎಳೆದಂತೆ ಸಮವಾಗಿ ಕೂರಿಸಿದ್ದಾರೆ. ಸಮ ಕೂತ ದೋಣಿಯಲ್ಲಿ ನೀರು ಪೈಪನ್ನು ಹುಡುಕಿಕೊಂಡು ಹೋಗುವುದಿಲ್ಲ, ಕುಳಿತಲ್ಲೇ ಕುಳಿತು ಎಲೆ ಕೊಳೆಸುತ್ತದೆ.

ಮೊದಲ ಜೋರು ಮಳೆ ಒಂದು ಮಧ್ಯಾಹ್ನ ಬಂತು. ದೋಣಿ ತುಂಬಿ ಹಿಂದಿನ ಮುಚ್ಚಳದ ಮೇಲೆ ಹಾರಿತು. ಅದರಾಚೆಯ ಹದಿನೆಂಟು ಅಡಿಯ ನೀರು ನೇರ ಗೋಡೆಯ ಬುಡಕ್ಕೆ. ನನಗೂ ಲೆಕ್ಕ ಬರುತ್ತದೆ. ಹದಿನೆಂಟು ಅಡಿ ಉದ್ದ, ಹದಿನೈದು ಅಡಿ ಅಗಲದ ಸೂರಿನ ಮೇಲೆ ಎರಡು ಇಂಚು ಮಳೆ ಸುರಿದರೆ ಅರವತ್ತಕ್ಕೂ ಹೆಚ್ಚು ಬಕೆಟ್ ನೀರು. ಆ ಮಧ್ಯಾಹ್ನ ಅಷ್ಟೂ ಸುರಿಯಿತು. ಯಜಮಾನರು ಕಣ್ಣು ಮುಚ್ಚಿ ಕೇಳುತ್ತಾ, "ಮುಚ್ಚಳದ ಹತ್ರ ಹಾರ್ತಿದೆ... ಈಗ ಪೈಪು ಕಟ್ಟಿಕೊಂಡಿತು... ಈಗ ನನ್ನ ತಲೆ ಹತ್ರ ಬಂತು" ಎಂದು ಸದ್ದಿನಿಂದಲೇ ಹೇಳುತ್ತಿದ್ದರು. ಸೊಸೆ ಹೊರಗೆ ಹೋಗಿ ನೋಡಿದರೆ ಅವರು ಹೇಳಿದ್ದೇ ಸರಿ.

ಎರಡು ತಿಂಗಳಲ್ಲಿ ಗೋಡೆ ಸೊಂಟದೆತ್ತರಕ್ಕೆ ತೇವವಾಯಿತು. ಮಂಚ ಒಳಬಾಗಿಲಲ್ಲಿ ಹಿಡಿಸದೆ, ಅವರನ್ನು ಮುಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಎರಡು ದಿನ ಮಲಗಿಸಿದೆವು. ಬೆನ್ನಿನಲ್ಲಿ ಹುಣ್ಣಾಯಿತು, ಮತ್ತೆ ಹಿಂದಿನ ಕೋಣೆಯ ಮಂಚಕ್ಕೇ ತಂದೆವು. ಹುಣ್ಣು ಮಾಯಲು ಐದು ತಿಂಗಳು ಬೇಕಾಯಿತು. ಬೇರೆ ಕೋಣೆಗೆ ಹಾಕಿಕೊಳ್ಳಿ ಎಂದು ಸಲಹೆ ಕೊಡಲು ಹೊರಟಿರುವವರು ದಯವಿಟ್ಟು ಆ ಹುಣ್ಣನ್ನು ದಿನಕ್ಕೆ ಎರಡು ಸಲ ತೊಳೆದು ನೋಡಿ ಆಮೇಲೆ ಕೊಡಿ.

ಸೊಸೆ ಸುಮ್ಮನಿರುವವಳಲ್ಲ. ಪ್ಲಾಸ್ಟಿಕ್ ಪೈಪನ್ನು ಉದ್ದಕ್ಕೆ ಸೀಳಿ, ನಿಮ್ಮ ದೋಣಿಯ ಮುಚ್ಚಳದಿಂದ ಮುಂದಕ್ಕೆ ಕಟ್ಟಿ, ಹಿಂದಿನ ಮೂಲೆಯಲ್ಲಿ ಒಂದು ಪೈಪು ಇಳಿಸಿದಳು. ನಾಲ್ಕು ದಿನ ಗೋಡೆ ಒಣಗಿತು. ಐದನೇ ದಿನ ಫೋಟೋ ಸಾಹೇಬರು ಅದನ್ನು ರಸ್ತೆಯಿಂದಲೇ ಕಂಡು ನೋಟೀಸು ಕೊಟ್ಟರು: ಮುದ್ರೆ ಹಾಕಿದ ವ್ಯವಸ್ಥೆಗೆ ದಾಖಲಾಗದ ಜೋಡಣೆ, ಮೂರು ದಿನದಲ್ಲಿ ತೆಗೆಯದಿದ್ದರೆ ಕುಡಿಯುವ ನೀರಿನ ಸಂಪರ್ಕ ಕಡಿತ. ಹಾಸಿಗೆ ಹಿಡಿದವರಿರುವ ಮನೆಯಲ್ಲಿ ನೀರು ನಿಂತರೆ ಏನು ಗತಿ? ಅವಳೇ ಕಟ್ಟಿದ್ದನ್ನು ಅವಳೇ ಬಿಚ್ಚಿದಳು. ಬಿಚ್ಚುವಾಗ, "ಅತ್ತೆ, ನೀವಾದ್ರೂ ನಿಜ ಹೇಳಿಬಿಡಬಾರದಾ?" ಎಂದಳು. ನಾನು ಬಿಚ್ಚಿದ ತುಂಡುಗಳನ್ನು ಎತ್ತಿ ಹಿತ್ತಿಲಿಗೆ ಒಯ್ದೆ. ಮಾನಕ್ಕೆ ಅಂಜಿದೆನೋ, ಕೋಣೆ ಹೋಗುತ್ತದೆಂದು ಅಂಜಿದೆನೋ, ಈಗ ಬಿಡಿಸಿ ಹೇಳಲಾರೆ.

ನಿಜವನ್ನು ಮುಚ್ಚಿಟ್ಟು ಅರ್ಜಿ ಬರೆದೆ. ಹಿಂದಿನ ಕೋಣೆಯ ಗೋಡೆ ಬೀಳುತ್ತದೆ ಎಂದಷ್ಟೇ ಬರೆದೆ. ಏಳನೇ ಅರ್ಜಿಗೆ ನಿಮ್ಮ ಕಚೇರಿಯ ಉತ್ತರ ಬಂತು. ಅದನ್ನು ಬಾಯಿಪಾಠ ಮಾಡಿದ್ದೇನೆ: "ದಾಖಲೆಗಳ ಪ್ರಕಾರ ಸದರಿ ಸ್ಥಳದಲ್ಲಿ ಯಾವುದೇ ಕೋಣೆ ಇರುವುದಿಲ್ಲ. ಇಲ್ಲದ ಕೋಣೆಯ ಗೋಡೆಗೆ ಹಾನಿಯಾಗುವ ಸಂಭವ ಇರುವುದಿಲ್ಲವಾದ್ದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ."

ಇದನ್ನು ಯಜಮಾನರಿಗೆ ಓದಿ ಹೇಳಿದೆ. "ನೀನು ನನ್ನೊಬ್ಬನ್ನ ಇಲ್ಲ ಅಂದೆ. ಇವರು ಕೋಣೇನೂ ಇಲ್ಲ ಅಂತಿದಾರೆ. ಗೋಡೆ ಮಾತ್ರ ಪಾಪ, ಯಾರ ಮಾತೂ ಕೇಳ್ತಿಲ್ಲ" ಎಂದರು.

ಗಾರೆ ಕೆಲಸದವನನ್ನು ಕರೆಸಿ ತೋರಿಸಿದೆ. ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, ನನ್ನನ್ನು ಹೊರಗೆ ಕರೆದು ತಗ್ಗಿದ ದನಿಯಲ್ಲಿ, "ಒಂದು ಮಳೆಗಾಲ ತಡೀತು ಅಮ್ಮ. ಇನ್ನೊಂದು ತಡೆಯಲ್ಲ. ಈಗ ಗಿಲಾವು ಮಾಡೋದು ವ್ಯರ್ಥ, ಮೊದಲು ಮೇಲಿನ ನೀರು ನಿಲ್ಲಿಸಿ" ಎಂದ. ತಗ್ಗಿದ ದನಿಯಲ್ಲಿ ಹೇಳಿ ಪ್ರಯೋಜನವೇನು? ಸದ್ದು ಕೇಳುವುದೇ ಕಸುಬಾದವರು ಒಳಗೆ ಮಲಗಿದ್ದರು. ಅಂದಿನಿಂದ ಅವರು ತಲೆಯನ್ನು ಬಾಗಿಲ ಕಡೆಗೆ ತಿರುಗಿಸಿ ಮಲಗಿಸಲು ಹೇಳಿದ್ದಾರೆ. ಗೋಡೆ ಕಾಲಿನ ಕಡೆ ಬಿದ್ದರೆ ತಮಗೆ ಗೊತ್ತಾಗುವುದಿಲ್ಲವಂತೆ, ತೊಂದರೆಯಿಲ್ಲವಂತೆ. ಇದು ಅವರ ತಮಾಷೆ. ಇಂಥ ತಮಾಷೆ ಕೇಳಿಕೊಂಡು ನಾನು ದಿನ ದೂಡುತ್ತಿದ್ದೇನೆ.

ಆದ್ದರಿಂದ ಮುಖ್ಯಾಧಿಕಾರಿಗಳೇ, ಬೀದಿಯ ಜನ, ಬಂಧುಗಳು, ಪತ್ರಿಕೆ ಓದುವ ಎಲ್ಲರ ಎದುರಿಗೆ ನನ್ನ ಅಳತೆಯನ್ನು ತಿದ್ದುತ್ತಿದ್ದೇನೆ. ನಮ್ಮ ಸೂರು ಆರ್ನೂರ ಮೂವತ್ತು ಚದರಡಿ. ಹಿಂದೆ ಒಂದು ಕೋಣೆ ಇದೆ. ಕೋಣೆಯೊಳಗೆ ಒಬ್ಬ ಮನುಷ್ಯ ಇದ್ದಾರೆ. ಸುಳ್ಳು ಬರೆದದ್ದಕ್ಕೆ ಏನು ಶಿಕ್ಷೆಯಿದೆಯೋ ಅದನ್ನು ನನ್ನ ಹೆಸರಿಗೆ ಹಾಕಿ. ಕೋಣೆ ಕೆಡವಲೇಬೇಕೆಂಬ ನಿಯಮವಿದ್ದರೆ ಮಳೆಗಾಲ ಕಳೆದ ಮೇಲೆ ಬನ್ನಿ, ನಾನೇ ಬಾಗಿಲು ತೆರೆದು ನಿಲ್ಲುತ್ತೇನೆ. ಆದರೆ ನೀವು ಕೆಡವುವ ಮೊದಲು ಅದು ತಾನಾಗಿ ಬೀಳದಂತೆ ಮಾಡುವುದು ನಿಮ್ಮ ಕೈಯಲ್ಲಿದೆ. ಹದಿನೈದು ದಿನದೊಳಗೆ ಯಾರನ್ನಾದರೂ ಕಳಿಸಿ. ಹೊಸ್ತಿಲು ದಾಟುವವರನ್ನು ಕಳಿಸಿ. ಸೂರಿನ ಮೇಲೆ ಹತ್ತಿ ಟೇಪು ಹಿಡಿದು ಅಳೆಯಲಿ. ನಲವತ್ತೆರಡು ಅಡಿಗೂ ದೋಣಿ, ನಡುವೆ ಎತ್ತರ, ಹಿಂದಿನ ಮೂಲೆಗೆ ಎರಡನೇ ಪೈಪು. ಅಷ್ಟು ಕೊಡಲಾಗದಿದ್ದರೆ ಲಾರಿಯಲ್ಲಿ ಒಯ್ದ ನಮ್ಮ ಹಳೆಯ ದೋಣಿಯನ್ನೇ ವಾಪಸು ಕೊಡಿ, ಕಟ್ಟಿಕೊಳ್ಳುವುದು ನಮಗೆ ಗೊತ್ತು.

ಹದಿನಾರನೇ ದಿನ ಬೆಳಿಗ್ಗೆ ಯಾರೂ ಬರದಿದ್ದರೆ ಏಣಿ ಹತ್ತುವವಳು ನಾನು. ನನಗೆ ಅರವತ್ತೆಂಟು. ಸೊಸೆ ಕೆಳಗೆ ಏಣಿ ಹಿಡಿಯುತ್ತೇನೆಂದಿದ್ದಾಳೆ. ನಿಮ್ಮ ಮುಚ್ಚಳ ಕಿತ್ತು ಮುಂದಕ್ಕೆ ದೋಣಿ ಜೋಡಿಸುತ್ತೇನೆ. ನೀರಿನ ಸಂಪರ್ಕ ಕಡಿಯುವುದಾದರೆ ಅಂದೇ ಬಂದು ಕಡಿಯಿರಿ, ಫೋಟೋವನ್ನೂ ಹಿಡಿಯಿರಿ. ಯಜಮಾನರು ದಿಂಬಿನ ಕೆಳಗೆ ಒಂದು ಬೆಂಕಿಪೊಟ್ಟಣ ಇಟ್ಟುಕೊಂಡಿದ್ದಾರೆ. ಒಂದು ಕಡ್ಡಿಯನ್ನು ಉರಿಸಿ, ಆರಿಸಿ, ನನ್ನ ಕೈಗೆ ಕೊಟ್ಟಾಗಿದೆ. ನಾನು ಮೇಲೆ ನೀರು ಸುರಿದು ಕಡ್ಡಿ ಬಿಡಬೇಕು. ಅದು ಹಿಂದಿನ ಪೈಪಿಗೆ ಬಿತ್ತೋ ಇಲ್ಲವೋ ಎಂದು ಅವರು ಒಳಗಿನಿಂದ ಕೂಗಿ ಕೇಳುತ್ತಾರೆ. ಈ ಸಲ ಯಾರು ಬಾಗಿಲಲ್ಲಿ ನಿಂತು ಒಳಗೆ ಯಾರು ಎಂದು ಕೇಳಿದರೂ ನಾನು ಸರಿಯಾಗಿ ಹೇಳುತ್ತೇನೆ.

ಇಂತಿ,
ಚೆಂದದ ಅಕ್ಷರದಲ್ಲಿ ತಪ್ಪು ಅಳತೆ ಬರೆದುಕೊಟ್ಟ,
ನೀವು ಇಲ್ಲವೆಂದ ಕೋಣೆಯಲ್ಲಿ ಕುಳಿತು ಇದನ್ನು ಬರೆಯುತ್ತಿರುವ,
ರೇಡಿಯೋದ ಹೆಂಡತಿ