ಗಜಕರ್ಣದ ಕೊಬ್ಬು ಮತ್ತು ಅಂಟಿನ ಉಂಡಿ

ಜುಲೈ ೧೪, ರವಿವಾರ, ಮುಂಜಾನೆ

ಸಕಲರಿಗೂ ತಿಳಿಸುವುದೇನೆಂದರೆ, ಇಂಡಿ ಪಟ್ಟಣದ ನಮ್ಮ ಹಿತ್ತಲಲ್ಲಿ ಇಂದು ನನ್ನ ಟವೆಲ್ಲಿಗೆ ಸ್ವತಂತ್ರ ಹಗ್ಗ ಲಭಿಸಿತು. ಧ್ವಜಾರೋಹಣ ನಾನೇ ಮಾಡಿದೆ. ಭಾಷಣ, ಧರ್ಮಪತ್ನಿ ಸುಮಿತ್ರಾಬಾಯಿಯದು.

"ಕೂಸಿನ ಬಟ್ಟಿ-ಅರಿವಿಗೆ ನಿಮ್ಮ ಅರಿವಿ ತಾಗಬಾರ್ದು. ಆ ಗಜಕರ್ಣ ಹೋಗೂತನಕ ಕೂಸಿನ್ನ ಮುಟ್ಟೂ ಹಂಗಿಲ್ಲ. ತಿಳೀತೇನ್ರಿ?"

ತಿಳಿಯಿತು. ಮಗಳು ಕೋಮಲ ನಿನ್ನೆ ಆಸ್ಪತ್ರೆಯಿಂದ ಹೆಣ್ಣುಕೂಸಿನೊಂದಿಗೆ ಬಂದಿದ್ದಾಳೆ. ಮೊದಲ ಮೊಮ್ಮಗಳು. ನನ್ನ ಸೊಂಟದ ಮೇಲೆ ನಾಲ್ಕು ಕೆಂಪು ಉಂಗುರ. ಇನ್ನೊಂದು ಬಂದರೆ ಒಲಿಂಪಿಕ್ಸ್ ಇಲ್ಲೇ ನಡೆಸಬಹುದು. ಬಸ್‌ಸ್ಟ್ಯಾಂಡ್ ಅಂಗಡಿಯ ಟ್ಯೂಬ್ ಹಚ್ಚಿದರೆ ಮಾಯ. ಬಿಟ್ಟರೆ ಬಂಧು-ಬಳಗ ಸಮೇತ ಹಾಜರ್…

ಜುಲೈ ೧೮, ಗುರುವಾರ

ಚರ್ಮದ ಡಾಕ್ಟರ್ ಫಿರದೋಸ. ಟ್ಯೂಬ್ ನೋಡಿದವರೇ ಹಣೆ ಒತ್ತಿಕೊಂಡರು.

"ಇದರಾಗ ಸ್ಟಿರಾಯ್ಡ್ ಐತ್ರಿ. ಕಾವಲುಗಾರಗ ನಿದ್ದಿ ಗುಳಗಿ ಕೊಟ್ಟಂಗ. ಗದ್ದಲ ನಿಂತತಿ, ಕಳ್ಳ ಒಳಗ ಆರಾಮ ಅದಾನ."

ಆಮೇಲೆ ಪಾಠ. ಗಜಕರ್ಣ ಅಂದರೆ ಫಂಗಸ್. ಅದರ ಜೀವಕೋಶಕ್ಕೂ ಒಂದು ಪೊರೆ, ಪೊರೆಯಲ್ಲಿ ಕೊಬ್ಬು. ನಮ್ಮದರಲ್ಲಿ ಕೊಲೆಸ್ಟ್ರಾಲ್, ಅದರದ್ದರಲ್ಲಿ ಎರ್ಗೊಸ್ಟೆರಾಲ್ — ದೂರದ ಸಂಬಂಧಿ, ಹೆಸರು ಬೇರೆ, ಮನೆತನ ಒಂದೇ. ಈ ಕ್ಯಾಪ್ಸೂಲ್ ಫಂಗಸ್ಸಿಗೆ ಆ ಕೊಬ್ಬು ತಯಾರಿಸಲು ಬಿಡುವುದಿಲ್ಲ. ಪೊರೆ ಸೋರುತ್ತದೆ. ಕಳ್ಳನ ಮನೆ ಕುಸಿಯುತ್ತದೆ.

"ಕೊಲೆಸ್ಟ್ರಾಲ್ ಗುಳಗಿ ತೊಗೋತೀರೇನ್ರಿ?"

"ದಿನಾ ತೊಗೋತೇನ್ರಿ."

"ಇದು ಮುಗಿಯೂತನಕ ಅದು ಬಂದ್. ಎರಡೂ ಕೂಡಿದ್ರ ಸ್ನಾಯು ಕೆಡ್ತಾವ. ನಿಮ್ಮ ಹಾರ್ಟ್ ಡಾಕ್ಟರ್ ಕೂಡ ನಾ ಮಾತಾಡ್ತೇನಿ. ಇದನ್ನ ಹೊಟ್ಟಿತುಂಬ ಉಂಡು ತೊಗೋರಿ."

ತಲೆ ಗಿರ್ರೆಂದಿತು. ಅದರ ಕೊಬ್ಬು ಇಳಿಸಲು ನನ್ನ ಕೊಬ್ಬಿನ ಗುಳಿಗೆ ಬಂದ್. ಹಾಗಾದರೆ ನನ್ನ ಕೊಬ್ಬಿಗೆ ದಿಕ್ಕು ಯಾರು?

ಜುಲೈ ೧೯

ಯೋಚಿಸಿದೆ. ಫಂಗಸ್ ಬಾಡಿಗೆದಾರ, ನಾನು ಮಾಲಕ. ಮಾಲಕನ ಅಡಿಗೆಮನೆಯಲ್ಲಿ ಎಣ್ಣೆ ಇಲ್ಲದಿದ್ದರೆ ಬಾಡಿಗೆದಾರನಿಗೆ ಎಲ್ಲಿಂದ ಬರಬೇಕು? ಒಂದೇ ಕಲ್ಲಿಗೆ ಎರಡು ಕೊಬ್ಬು. ಇಂದಿನಿಂದ ಎಣ್ಣೆ, ತುಪ್ಪ, ರೊಟ್ಟಿಯ ಜೊತೆಯ ಶೇಂಗಾ ಹಿಂಡಿ — ಬಹಿಷ್ಕಾರ.

ಸುಮಿತ್ರಾಬಾಯಿಗೆ ಪರಮಾನಂದ. "ಮದಿವ್ಯಾದ ಮ್ಯಾಲೆ ಇದ ಮೊದಲನೇ ಶಾಣ್ಯಾತನ ನೋಡ್ರಿ ನಿಮ್ದು."

ಮಧ್ಯಾಹ್ನ ಕೋಮಲ ಅಂಟಿನ ಉಂಡಿ ತಿನ್ನುತ್ತಿದ್ದಳು. ಬಾಣಂತಿಯ ಹಕ್ಕು. ಅಂಟು, ಕೊಬ್ಬರಿ, ಉತ್ತತ್ತಿ, ಬೆರಳ ಸಂದಿಯಲ್ಲಿ ತುಪ್ಪ. ನಾನು ಒಣ ರೊಟ್ಟಿ, ಬೇಯಿಸಿದ ಹೆಸರುಕಾಳು. ಋಷಿಯಂತೆ ಕ್ಯಾಪ್ಸೂಲ್ ನುಂಗಿದೆ.

ಆಗಸ್ಟ್ ೪, ರವಿವಾರ

ಕೂಸಿನ ತೊಟ್ಟಿಲು. ಹೆಸರು ಐರಾ. ಅರ್ಥ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗೂಗಲ್ಲಿಗೂ ಗೊಂದಲ.

ಉಂಗುರಗಳು ಇದ್ದಲ್ಲೇ ಇವೆ. ಬಾಗಿಲಲ್ಲಿ ನಿಂತಿದ್ದೆ.

"ಅಜ್ಜಾರೂ, ಬರ್ರಿ ಮುಂದ! ಕೂಸಿನ್ನ ಎತ್ಕೋರಿ!" ಮುದ್ದೇಬಿಹಾಳದ ಬೀಗರು ಪರಪ್ಪನವರ ದನಿ ದೊಡ್ಡದು.

"ಅವರಿಗೆ ನೆಗಡಿ ಆಗೇತ್ರಿ," ಅಂದಳು ಸುಮಿತ್ರಾಬಾಯಿ. ಮಾನ ಕಾಯ್ದಳು. ನಾನು ಕೆಮ್ಮಿದೆ. ನೆಗಡಿಗೆ ಕೆಮ್ಮು ಬೇಕೋ ಬೇಡವೋ, ಗೊತ್ತಾಗಲಿಲ್ಲ.

ಪರಪ್ಪನವರೇ ಎತ್ತಿಕೊಂಡರು. ಕೂಸು ಅವರ ಮೀಸೆ ನೋಡುತ್ತಿತ್ತು. ಫೋಟೊ ಚೆನ್ನಾಗಿ ಬಂದಿದೆ. ತೆಗೆದವನು ನಾನು.

ಆಗಸ್ಟ್ ೧೧

ಪತ್ರಿಕೆಗೆ ಈ ವಾರದ ನನ್ನ ಹಾಸ್ಯ ಅಂಕಣ ಕಳಿಸಿಲ್ಲ. ಸಂಪಾದಕರು ಫೋನ್ ಮಾಡಿದರು. ನೆಗಡಿ ಅಂದೆ.

ಆಗಸ್ಟ್ ೨೨, ಗುರುವಾರ

ಡಾಕ್ಟರ್ ಫಿರದೋಸ ಉಂಗುರ ನೋಡಿದರು, ನನ್ನ ಮುಖ ನೋಡಿದರು. "ಗುಳಗಿ ಬಿಟ್ಟೀರೇನ್ರಿ?"

"ಒಂದು ದಿನಾನೂ ಬಿಟ್ಟಿಲ್ರಿ."

"ಮತ್ತ ಉಣ್ಣೂದು ಏನು?"

ಎದೆ ಸೆಟೆಸಿ ಹೇಳಿದೆ. ಒಣ ರೊಟ್ಟಿ. ಹೆಸರುಕಾಳು. ಎಣ್ಣೆ ಒಂದು ಹನಿ ಇಲ್ಲ. ಬಾಡಿಗೆದಾರನ ಸಿದ್ಧಾಂತವನ್ನೂ ಸವಿಸ್ತಾರ ಮಂಡಿಸಿದೆ.

ಮೊದಲು ನಕ್ಕರು. ಆಮೇಲೆ ನಗಲಿಲ್ಲ.

"ಫಂಗಸ್ ತನ್ನ ಕೊಬ್ಬು ತಾನ ಮಾಡ್ಕೋತೈತ್ರಿ. ನಿಮ್ಮ ಅಡಿಗಿಮನಿಗೆ ಕಡಾ ಕೇಳಾಕ ಬರೂದಿಲ್ಲ. ಆದ್ರ ಈ ಗುಳಗಿ ರಕ್ತಕ್ಕ ಇಳೀಬೇಕಂದ್ರ ಊಟದಾಗ ಎಣ್ಣಿ-ತುಪ್ಪ ಬೇಕು. ನೀವು ಅದರ ದಾರಿನ ಬಂದ್ ಮಾಡೀರಿ!"

"ಅಂದ್ರ… ಕೊಬ್ಬು ಕೊಲ್ಲಾಕ ಕೊಬ್ಬು ತಿನಬೇಕ್ರಿ?"

"ಹೌದ್ರಿ. ಇಷ್ಟ ದಿನದ ಗುಳಗಿ ಬಾಳಷ್ಟು ವ್ಯರ್ಥ. ಮತ್ತ ಮೊದಲಿಂದ ಹಿಡೀರಿ."

ಮೊದಲಿಂದ. ಬಾಣಂತನ ಮುಗಿಯುವ ಮುನ್ನ ವಾಸಿಯಾದೀತೆ? ಕೇಳುವ ಧೈರ್ಯ ಬರಲಿಲ್ಲ.

ಮನೆಯಲ್ಲಿ ಹೇಳಿದೆ. ಸುಮಿತ್ರಾಬಾಯಿ ಒಳಗೆ ಹೋದಳು. ಡಬ್ಬಿ ತಂದು ನನ್ನ ತಾಟಿನಲ್ಲಿ ಅಂಟಿನ ಉಂಡಿ ಇಟ್ಟಳು.

"ಅಪ್ಪಾ," ಅಂದಳು ಕೋಮಲ, "ಬಾಣಂತನ ನಂದೋ, ನಿಂದೋ?"

ಸೆಪ್ಟೆಂಬರ್ ೮

ಉಂಗುರ ಮಸಕು. ಒಂದರ ಅಂಚು ಕಾಣುತ್ತಿಲ್ಲ. ಕನ್ನಡಿ ಹಳೆಯದು, ನಂಬಬೇಕೋ ಬೇಡವೋ. ಸುಮಿತ್ರಾಬಾಯಿ ಟಾರ್ಚ್ ಹಿಡಿದು ಪರೀಕ್ಷಿಸಿದಳು. "ಹ್ಞೂಂ" ಅಂದಳು. ಈ ಹ್ಞೂಂ ಎಂಥದು? ಕೇಳಿದರೆ ಮತ್ತೊಂದು ಹ್ಞೂಂ.

ಬೀಗರ ಫೋನ್. ದಸರಾಕ್ಕೆ ಮೊದಲೇ ಕೋಮಲ, ಕೂಸು ಇಬ್ಬರನ್ನೂ ಕರೆದೊಯ್ಯುತ್ತಾರಂತೆ.

ಸೆಪ್ಟೆಂಬರ್ ೨೯, ರವಿವಾರ, ಸಂಜೆ

ನಾಳೆ ಮುದ್ದೇಬಿಹಾಳದ ಗಾಡಿ. ನಿನ್ನೆ ಡಾಕ್ಟರ್ ಉಂಗುರದ ಜಾಗ ಕೆರೆದು, ಸೂಕ್ಷ್ಮದರ್ಶಕದಡಿ ನೋಡಿ ಅಂದರು, "ಈಗ ಎತ್ಕೋರಿ. ಗುಳಗಿ ಇನ್ನೊಂದಿಷ್ಟು ದಿನ ನಡೀಲಿ. ಟವೆಲ್ ಬ್ಯಾರೆನ ಇರ್ಲಿ."

ಅವರವರ ಕೊಬ್ಬು ಅವರವರಿಗೆ. ಇದಕ್ಕಿಂತ ಹೆಚ್ಚು ಇಂದಿಗೂ ತಿಳಿದಿಲ್ಲ.

ಬಲಗೈಯಲ್ಲಿ ಬರೆಯುತ್ತಿದ್ದೇನೆ. ಎಡಗೈ ಮೇಲೆ ಐರಾ. ಬಾಯಿ ತೆರೆದು ಮಲಗಿದೆ. ಹಾಲಿನ ವಾಸನೆ. ಮೀಸೆ ಇಲ್ಲದ ಅಜ್ಜನಾದರೂ ಅದಕ್ಕೆ ನಡೆಯುತ್ತದೆ ಅಂತ ಕಾಣುತ್ತದೆ.

ಹೊರಗೆ ಹನಿ ಶುರು. ಹಿತ್ತಲಲ್ಲಿ ಟವೆಲ್ ಒಂಟಿ. ಈ ಡೈರಿಯನ್ನು ನನ್ನ ಬೆನ್ನ ಹಿಂದೆ ನಿಂತು ಓದುವ ಸುಮಿತ್ರಾಬಾಯಿಯವರಲ್ಲಿ ಒಂದು ವಿನಂತಿ — ಅದನ್ನಷ್ಟು ಒಳಗೆ ತರ್ರಿ. ನಾ ಎದ್ದರೆ ಕೂಸು ಎದ್ದೀ…